ಒಗ್ಗರಣೆ ಸೌಟಿನ ಟಾರ್ಚು

ಮೊನ್ನೆ ಪೀಣ್ಯ ಎರಡನೇ ಹಂತದಲ್ಲಿ ಬಸ್ಸಿಳಿದು ನಡೆಯುತ್ತಿದ್ದೆ. ಯಾವುದೋ ಶೆಡ್ಡಿನ ಹಿಂದೆ ಕಸಕ್ಕೆ ಬೆಂಕಿ ಇಟ್ಟಿದ್ದರು. ಅದರಲ್ಲಿ ಅಕ್ರಿಲಿಕ್ ಚೂರುಗಳೂ ಇದ್ದಿರಬೇಕು. ಅಕ್ರಿಲಿಕ್ ಸುಟ್ಟರೆ ಬೇರೆ ಪ್ಲಾಸ್ಟಿಕ್ಕಿನಂತೆ ಕಮಟು ಬರುವುದಿಲ್ಲ. ಸ್ವಲ್ಪ ಸಿಹಿ, ಕೊಳೆತ ಹಣ್ಣಿನ ಹತ್ತಿರದ ವಾಸನೆ. ಜೊತೆಗೆ ಕೆಲಸಕ್ಕೆ ಬರುವ ಹುಡುಗಿ ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ಬೇಗ ಬೇಗ ನಡೆದಳು. ನಾನು ನಿಂತುಬಿಟ್ಟೆ. ಒಂದು ಆಷಾಢದ ಸಂಜೆ ನಮ್ಮ ಮನೆ ತುಂಬ ಇದೇ ವಾಸನೆ ತುಂಬಿಕೊಂಡಿತ್ತು. ಅದಕ್ಕೆ ಕಾರಣ ನಾನೇ. ಆ ಬಗ್ಗೆ ನನಗೆ ಇವತ್ತಿಗೂ ಒಂದು ಚೂರೂ ನಾಚಿಕೆಯಿಲ್ಲ.

ಕೊರೊನಾ ಕಳೆದ ಮೇಲಿನ ಎರಡನೆಯ ವರ್ಷವೋ ಮೂರನೆಯದೋ. ಹೆಗ್ಗನಹಳ್ಳಿಯ ಒಂದು ಓಣಿಯಲ್ಲಿ ಶೀಟಿನ ಬಾಡಿಗೆ ಮನೆ. ಮನೆಯಲ್ಲಿ ನಾವು ಮೂವರು: ನಾನು, ನನ್ನ ಗಂಡ ಮಂಜುನಾಥ, ಅತ್ತೆ ನಿಂಗಮ್ಮ. ಇವರು, ಎಂದರೆ ನನ್ನ ಗಂಡ, ಪೀಣ್ಯದ ಫ್ಯಾಕ್ಟರಿಗಳಿಗೆ ಸಾಮಾನು ಸಾಗಿಸುವ ಟೆಂಪೊ ಓಡಿಸುತ್ತಿದ್ದರು. ನಾನು ಲೆನ್ಸ್ ತಯಾರಿಸುವ ಒಂದು ಸಣ್ಣ ಯೂನಿಟ್ಟಿನಲ್ಲಿ ತಪಾಸಣೆಯ ಕೆಲಸಕ್ಕಿದ್ದೆ. ಅತ್ತೆ ಮನೆಯಲ್ಲೇ ಕೂತು ರೇಷ್ಮೆ ಸೀರೆಗಳ ಸೆರಗಿಗೆ ಕುಚ್ಚು ಕಟ್ಟುತ್ತಿದ್ದರು. ಮುಖ್ಯರಸ್ತೆಯಲ್ಲಿ ಫಾಲ್ಸು, ಬ್ಲೌಸು ಎಲ್ಲ ಹೊಲಿದುಕೊಡುವ ಶೈಲಾ ಎನ್ನುವವರ ಅಂಗಡಿಯಿಂದ ಸೀರೆ ಬರುತ್ತಿತ್ತು. ಈ ಕೆಲಸದಲ್ಲಿ ಅತ್ತೆಯದು ಒಂದೇ ಹಠ, ದಾರದ ಬಣ್ಣ ತಾವೇ ಆರಿಸಬೇಕು. ಸೀರೆಯ ಒಡಲು ನೋಡಿ, ಅಂಚು ನೋಡಿ, ಬಿಸ್ಕತ್ತಿನ ಡಬ್ಬಿಯಿಂದ ಎರಡು ರೀಲು ತೆಗೆದು ಪಕ್ಕದಲ್ಲಿಟ್ಟು, ಕಣ್ಣು ಕಿರಿದು ಮಾಡಿ, ಒಂದನ್ನು ವಾಪಸ್ ಹಾಕುವರು. ಮದುವೆ ಸೀರೆ ಬಂದರೆ ಅದು ನಿಂಗಮ್ಮನ ಕೈಗೇ ಹೋಗಬೇಕು ಎಂದು ಶೈಲಾ ಎತ್ತಿಟ್ಟುಕೊಳ್ಳುತ್ತಿದ್ದರು.

ಅತ್ತೆಗೂ ನನಗೂ ಬಹಳ ಚೆನ್ನಾಗಿತ್ತು ಎಂದು ಯಾರೂ ತಿಳಿಯಬೇಡಿ. ಸಾರಿಗೆ ಹುಳಿ ಕಡಿಮೆ ಎಂದು ಅವರು, ಸೀರಿಯಲ್ಲಿನ ಸದ್ದು ಜಾಸ್ತಿ ಎಂದು ನಾನು, ವಾರದಲ್ಲಿ ಒಂದು ದಿನವಾದರೂ ಮಾತು ಬಿಡುತ್ತಿದ್ದೆವು. ಆದರೆ ಜಗಳಕ್ಕೂ ಎದುರಿಗೆ ಸರಿಸಮದ ಜನ ಬೇಕು. ಅತ್ತೆ ಸರಿಸಮ. ದುಡಿಯುವ ಹೆಂಗಸಿನ ಮಾತಿನಲ್ಲಿರುವ ಗತ್ತು ನನಗೆ ಇಷ್ಟವಾಗುತ್ತಿತ್ತು.

ಆ ವರ್ಷ ಪಕ್ಕದ ಸೈಟಿನಲ್ಲಿ ಮನೆ ಎದ್ದಿತು, ಗೋಡೆಗೆ ಗೋಡೆ ತಾಗಿಸಿ. ನಮ್ಮ ಇದ್ದೊಂದು ಕಿಟಕಿಯ ಮುಂದೆ ಸಿಮೆಂಟಿನ ಇಟ್ಟಿಗೆ ಬಂತು. ಅಂದಿನಿಂದ ಹಾಡುಹಗಲಲ್ಲೂ ಟ್ಯೂಬ್‌ಲೈಟು. ಅದೂ ಎಲ್ಲರ ಮನೆಯಲ್ಲಿರುವಂಥ ಅಗ್ಗದ ಬಿಳಿ ಎಲ್‌ಇಡಿ. ಬಾಗಿಲಲ್ಲಿ ಕೂತರೆ ಮಳೆಯ ಇರಚಲು. ಇದರ ಮಧ್ಯೆ ಅತ್ತೆಯ ಬಲಗಣ್ಣಿಗೆ ಪೊರೆಯ ಆಪರೇಷನ್ ಆಯಿತು. ಡಾಕ್ಟರು ಪರೀಕ್ಷೆ ಮಾಡಿ ಕಣ್ಣು ಚೆನ್ನಾಗಿದೆ ಎಂದರು. ಅತ್ತೆ ಮಾತ್ರ ಟ್ಯೂಬ್‌ಲೈಟಿನ ಕೆಳಗೆ ಕೂತು ಸೆರಗಿನ ಅಂಚಿನಿಂದ ನೀರು ಒರೆಸಿಕೊಳ್ಳುತ್ತಲೇ ಇದ್ದರು.

ಆಷಾಢ ಹುಟ್ಟುವ ಮುಂಚಿನ ಕೊನೆಯ ಮುಹೂರ್ತದ ಮದುವೆ ಸೀರೆಯೊಂದು ವಾಪಸ್ ಬಂತು. ಮರೂನ್ ಬಣ್ಣದ ಸೀರೆ. ಅತ್ತೆ ಅದಕ್ಕೆ ಕಾಫಿ ಬಣ್ಣದ ಕುಚ್ಚು ಕಟ್ಟಿದ್ದರು. ಛತ್ರದ ಅಂಗಳದ ಬಿಸಿಲಿನಲ್ಲಿ ಹುಡುಗಿಯ ಚಿಕ್ಕಮ್ಮ ಅದನ್ನು ಕಂಡುಹಿಡಿದು ಊರಿಗೆಲ್ಲ ತೋರಿಸಿದರಂತೆ. ಶೈಲಾ ತಾವೇ ಸೀರೆ ಹಿಡಿದು ಬಂದರು. ಸಿಟ್ಟಾಗಲಿಲ್ಲ, ಅದೇ ಕಷ್ಟವಾಯಿತು.

"ಅಜ್ಜಿ, ಕುಚ್ಚು ಬಿಚ್ಚಿಟ್ಟಿರಿ. ನಾಳೆ ತಗೊಂಡೋಗಿ ಬೇರೆಯವರ ಹತ್ರ ಕಟ್ಟಿಸ್ತೀನಿ. ನೀವಿನ್ನು ರೆಸ್ಟ್ ಮಾಡಿ. ಎಷ್ಟು ವರ್ಷ ಅಂತ ದುಡೀತೀರಾ" ಎಂದರು.

ನನ್ನ ಗಂಡನಿಗೆ ಇದು ಅನುಕೂಲವಾಗಿಯೇ ಕಂಡಿತು. ಅತ್ತಿಬೆಲೆಯಲ್ಲಿರುವ ನನ್ನ ನಾದಿನಿ, ಇವರ ಅಕ್ಕ, ಫ್ಯಾಕ್ಟರಿಗೆ ಸೇರಿಕೊಂಡಿದ್ದರು. ಮಕ್ಕಳನ್ನು ನೋಡಿಕೊಳ್ಳಲು ಅಮ್ಮನನ್ನು ಕಳಿಸು ಎಂದು ಬಹಳ ದಿನದಿಂದ ಕೇಳುತ್ತಿದ್ದರು. "ಆಷಾಢದಲ್ಲಿ ಬೇಡ. ಶ್ರಾವಣ ಹುಟ್ಟಲಿ, ವರಮಹಾಲಕ್ಷ್ಮಿ ಹಬ್ಬಕ್ಕೆ ಅಲ್ಲಿರೋ ಹಾಗೆ ಕಳಿಸ್ತೀನಿ. ಇಲ್ಲಿ ಇನ್ನೇನಿದೆ ಅಮ್ಮಂಗೆ" ಎಂದರು ಇವರು, ಅಮ್ಮನ ಎದುರಿಗೇ. ಅತ್ತೆ ಆ ಮಾತಿಗೆ ಒಂದೇ ಉತ್ತರ ಕೊಟ್ಟದ್ದು. "ಕೂರ್ಸಿ ಅನ್ನ ಆಕಾಕೆ ನಾನೇನು ದೇವರಿಗೆ ಬಿಟ್ಟ ಬಸವನಾ?" ಆಮೇಲೆ ಗೋಡೆಯ ಕಡೆ ಮುಖ ಮಾಡಿ ಕೂತರು. ತಟ್ಟೆಯಲ್ಲಿ ಹಾಕಿದ ಮುದ್ದೆ ಹಾಗೇ ಇತ್ತು. ಮೊಮ್ಮಕ್ಕಳನ್ನು ನೋಡಿಕೊಳ್ಳುವುದು ಕೀಳು ಕೆಲಸ ಎಂದು ನಾನು ಹೇಳುವುದಿಲ್ಲ. ಅತ್ತೆ ತಾವಾಗಿ ಹೋಗಿದ್ದರೆ ಬುತ್ತಿ ಕಟ್ಟಿ ಕಳಿಸುತ್ತಿದ್ದೆ. ಇದು ಹಾಗಲ್ಲ. ಕೆಲಸಕ್ಕೆ ಬಾರದವರು ಎಂದು ಮುದ್ರೆ ಒತ್ತಿ ಸಾಗಹಾಕುವುದು.

ಆ ಸಂಜೆಯೇ ಮಳೆ ಬಂತು, ಕರೆಂಟು ಹೋಯಿತು. ತಮ್ಮ ಕೈಯಿಂದಲೇ ತಮ್ಮ ಕುಚ್ಚು ಬಿಚ್ಚುವ ಕೆಲಸಕ್ಕೆ ಅತ್ತೆ ಮಾವನ ಟಾರ್ಚು ತೆಗೆದುಕೊಂಡರು. ತೀರಿಹೋದ ಮಾವ ಪೀಣ್ಯದ ಫ್ಯಾಕ್ಟರಿಯೊಂದರಲ್ಲಿ ವಾಚ್‌ಮನ್ ಆಗಿದ್ದವರು. ಅವರ ಮೂರು ಸೆಲ್ಲಿನ ಹಳೆಯ ಟಾರ್ಚು ಅದು, ಒಳಗೆ ಸಣ್ಣ ತಂತಿ ಉರಿಯುವ ಬಲ್ಬು. ನಾನು ಒಲೆಯ ಮುಂದಿದ್ದೆ.

"ಬಾಗ್ಯ, ಬಾ ಇಲ್ಲಿ. ನೋಡು, ಇದು ಕಾಫಿ. ಇದು ಮರೂನು. ಎಷ್ಟು ಬೇರೆ ಐತೆ ನೋಡವ್ವ."

ನೋಡಿದೆ. ಟಾರ್ಚಿನ ಹಳದಿ ಬೆಳಕಿನಲ್ಲಿ ಸೀರೆ ಕೆಂಪು ಕಾರುತ್ತಿತ್ತು. ಕುಚ್ಚು ಮಣ್ಣಿನ ಹಾಗೆ ಸಪ್ಪಗಿತ್ತು. ಕುರುಡರಿಗೂ ಗೊತ್ತಾಗುವಷ್ಟು ವ್ಯತ್ಯಾಸ. ಅಷ್ಟರಲ್ಲಿ ಕರೆಂಟು ಬಂತು, ಟ್ಯೂಬು ಹತ್ತಿತು, ಎರಡೂ ಒಂದೇ ಬಣ್ಣವಾಗಿಬಿಟ್ಟವು. ನಾನು ಹೋಗಿ ಟ್ಯೂಬ್ ಆರಿಸಿದೆ. ಮತ್ತೆ ಎರಡು ಬಣ್ಣ. ಹಾಕಿದೆ. ಒಂದೇ ಬಣ್ಣ. ನನ್ನ ಕಣ್ಣಿಗೆ ಆಪರೇಷನ್ ಆಗಿರಲಿಲ್ಲ, ನನಗೂ ಹಾಗೇ ಕಂಡಿತು. ಆ ಅಗ್ಗದ ಬಿಳಿ ಬೆಳಕಿನಲ್ಲಿ ಕಡು ಕೆಂಪು ಎನ್ನುವುದೇ ಇರಲಿಲ್ಲ.

ಇವರು ಬಂದ ಮೇಲೆ ಹೇಳಿದೆ. ಇವರು ನಕ್ಕರು. "ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ" ಎಂದರು.

"ನೆಲ ನಿಜವಾಗ್ಲೂ ಡೊಂಕಾಗೇ ಇದ್ರೆ ಏನ್ರೀ ಮಾಡ್ತೀರಾ? ಕುಣಿಯೋರನ್ನ ಅತ್ತಿಬೆಲೆಗೆ ಕಳಿಸ್ತೀರಾ?" ಎಂದೆ. ಆ ಹೊತ್ತಿಗೆ ನಾನು ತೀರ್ಮಾನ ಮಾಡಿ ಆಗಿತ್ತು. ವರಮಹಾಲಕ್ಷ್ಮಿಯ ಹೊತ್ತಿಗೆ ಅತ್ತೆಯ ಮಡಿಲಿಗೆ ಮತ್ತೆ ಸೀರೆ ಬರಬೇಕು.

ಇವರ ಮೇಲೆ ಪೂರ್ತಿ ತಪ್ಪು ಹೊರಿಸುವುದಿಲ್ಲ. ಮಾರನೆಯ ದಿನ ಎಲ್ಲಿಂದಲೋ ಹಳೆಯ ಕಾಲದ ದೊಡ್ಡ ಬಲ್ಬು ತಂದು ತೂಗುಹಾಕಿದರು. ಬಣ್ಣ ಸರಿಯಾಗಿ ಕಂಡಿತು. ಆದರೆ ಶೀಟಿನ ಮನೆಯಲ್ಲಿ ಆ ಬಲ್ಬಿನ ಕಾವು ಒಂದು ಕಡೆ, ಅದು ನೇರ ಕಣ್ಣಿಗೆ ಹೊಡೆದು ಅತ್ತೆಯ ಆಪರೇಷನ್ ಆದ ಕಣ್ಣಲ್ಲಿ ನೀರು ಸುರಿಯುವುದು ಇನ್ನೊಂದು ಕಡೆ. ಮೇಲಾಗಿ ಮಳೆಗಾಲದ ಸಂಜೆ ನಮ್ಮ ಓಣಿಯಲ್ಲಿ ಕರೆಂಟು ಇರುತ್ತಿದ್ದುದೇ ಅಪರೂಪ. ಬೇಕಾಗಿದ್ದದ್ದು ಸೂಜಿಯ ತುದಿಗೆ ಮಾತ್ರ ಬೀಳುವ, ಕಣ್ಣನ್ನು ಕತ್ತಲಲ್ಲೇ ಬಿಡುವ ಬೆಳಕು. ಮಾವನ ಟಾರ್ಚಿನಿಂದಲೂ ಅದು ಆಗುತ್ತಿರಲಿಲ್ಲ. ಅದರ ಬೆಳಕಿನ ವೃತ್ತದ ಮಧ್ಯೆ ಒಂದು ಕಪ್ಪು ಕಲೆ, ಸುತ್ತ ಉಂಗುರ ಉಂಗುರ. ಆ ಕಲೆ ಸರಿಯಾಗಿ ಗಂಟಿನ ಮೇಲೇ ಬೀಳುತ್ತಿತ್ತು.

ಬೆಳಕನ್ನು ಒಂದು ಕಡೆಗೆ ಕಳಿಸುವ ವಸ್ತು ನಾನು ದಿನವೂ ಕೈಯಲ್ಲಿ ಹಿಡಿಯುತ್ತಿದ್ದುದೇ. ನಮ್ಮ ಯೂನಿಟ್ಟಿನಲ್ಲಿ ಎಲ್‌ಇಡಿ ಟಾರ್ಚುಗಳಿಗೆ ಆಸ್ಫೆರಿಕ್ ಲೆನ್ಸು ಮಾಡುತ್ತಿದ್ದರು. ಒಂದು ಕಡೆ ಚಪ್ಪಟೆ, ಇನ್ನೊಂದು ಕಡೆ ಉಬ್ಬು. ಆ ಉಬ್ಬು ಚೆಂಡಿನಂತೆ ಪೂರ್ತಿ ಗುಂಡಗಿರುವುದಿಲ್ಲ, ಅಂಚಿಗೆ ಹೋಗುತ್ತಾ ಸ್ವಲ್ಪ ಮಟ್ಟವಾಗುತ್ತದೆ. ಅದರಿಂದ ನಡುವಿನಲ್ಲಿ ಹಾದ ಬೆಳಕೂ ಅಂಚಿನಲ್ಲಿ ಹಾದ ಬೆಳಕೂ ಒಂದೇ ಜಾಗಕ್ಕೆ ಹೋಗಿ ಸೇರುತ್ತವೆ. ನನ್ನ ಕೆಲಸ ಇಷ್ಟೇ. ಗೆರೆ ಕೊರೆದ ಗಾಜಿನ ಹಿಂದೆ ದೀಪ, ಮುಂದೆ ಲೆನ್ಸ್ ಇಟ್ಟು ಗೋಡೆಯ ಮೇಲೆ ಬೀಳುವ ಆ ಗೆರೆಗಳನ್ನು ನೋಡುವುದು. ಗೆರೆ ಚೂಪಾಗಿದ್ದರೆ ಪಾಸ್, ಮಸುಕಾಗಿದ್ದರೆ ರಿಜೆಕ್ಟ್ ಡಬ್ಬಿಗೆ.

ಆ ಡಬ್ಬಿಯ ಉಸ್ತುವಾರಿ ಕಲಬುರಗಿ ಕಡೆಯ ಬಸವರಾಜನದು. ಮಾಲೀಕರ ಒಪ್ಪಿಗೆ ಪಡೆದು ಒಂದು ಹಿಡಿ ಲೆನ್ಸು ಕೇಳಿದಾಗ ಅವನು, "ಇವನ್ನ ಒಯ್ದು ಏನ್ ಮಾಡ್ತೀರಿ ಅಕ್ಕಾರ? ಪಲ್ಯ ಮಾಡ್ತೀರೇನು?" ಎಂದ.

"ನಮ್ಮತ್ತೆಗೆ ಟಾರ್ಚ್ ಮಾಡ್ಕೊಡ್ತೀನಿ. ತಂತಿ ಬಲ್ಬಿಂದು."

"ಎಲ್‌ಇಡಿ ಲೆನ್ಸಿಗೆ ತಂತಿ ಬಲ್ಬಾ? ಎತ್ತಿಗೆ ಜೀನು ಹಾಕಿದಂಗ ಆಗ್ತದರೀ" ಎಂದು ನಕ್ಕ. ನಗಲಿ ಬಿಡಿ ಎಂದುಕೊಂಡೆ.

ಹಳೆಯ ಎಮರ್ಜೆನ್ಸಿ ಲೈಟಿನ ಬ್ಯಾಟರಿ ಮನೆಯಲ್ಲೇ ಇತ್ತು. ತುಪ್ಪದ ಖಾಲಿ ಡಬ್ಬಿಯೊಳಗೆ ಮಾವನ ಟಾರ್ಚಿನ ಬಲ್ಬು ಕೂರಿಸಿ, ಮುಂದೆ ಲೆನ್ಸ್ ಇಟ್ಟು, ಒಂದು ಸಂಜೆ ಅತ್ತೆಯ ಎದುರಿಗೆ ಹೊತ್ತಿಸಿದೆ. ಲೆನ್ಸನ್ನು ಹಿಂದೆ ಮುಂದೆ ಸರಿಸಿ ಸರಿಸಿ ಸೀರೆಯ ಮೇಲೆ ಚೂಪಾದ ಬಿಂಬ ಬೀಳುವಂತೆ ಮಾಡಿದೆ. ಬಲ್ಬಿನೊಳಗಿನ ತಂತಿಯ ಸುರುಳಿ, ಒಂದೊಂದು ಸುತ್ತೂ ಎಣಿಸುವಷ್ಟು ಸ್ಪಷ್ಟವಾಗಿ, ಹೆಬ್ಬೆರಳು ಗಾತ್ರಕ್ಕೆ ಸೆರಗಿನ ಮೇಲೆ ಹೊಳೆಯಿತು. ನನಗೆ ಹೆಮ್ಮೆಯೋ ಹೆಮ್ಮೆ. ಅಂಥ ಬಿಂಬ ಬಂದರೆ ನಮ್ಮ ಮೇಜಿನ ಮೇಲೆ ಕಣ್ಣು ಮುಚ್ಚಿ ಪಾಸ್ ಮಾಡುತ್ತಿದ್ದೆ.

ಅತ್ತೆ ಬಗ್ಗಿ ನೋಡಿದರು. ಬೆರಳಿನಿಂದ ಸೆರಗು ಕೊಡವಿದರು. "ಇದ್ಯಾವ ಹುಳವೇ ಇದು, ಓಯ್ತಾನೇ ಇಲ್ಲ" ಎಂದರು.

"ಹುಳ ಅಲ್ಲ ಅತ್ತೆ, ಬಲ್ಬಿನ ತಂತಿ. ಎಷ್ಟು ಚೆನ್ನಾಗಿ ಕಾಣ್ತಿದೆ ನೋಡಿ."

"ತಂತಿ ಕಾಣ್ತೈತೆ. ಸೀರೆ ಕಾಣಾಕಿಲ್ಲ. ನಾನು ಕುಚ್ಚು ಕಟ್ಬೇಕಾಗಿರೋದು ಸೀರೆಗೋ ತಂತಿಗೋ?"

ಸಿಟ್ಟು ಬಂತು. ಅಷ್ಟು ಕಷ್ಟಪಟ್ಟದ್ದಕ್ಕೆ ಇದಾ ಮಾತು ಎಂದು ಡಬ್ಬಿ ಎತ್ತಿಟ್ಟು ಅನ್ನಕ್ಕಿಡಲು ಹೋದೆ. ಅಕ್ಕಿ ತೊಳೆಯುವಾಗ ಬುದ್ಧಿ ಬಂತು. ವರ್ಷಗಟ್ಟಲೆ ಚೂಪು ಗೆರೆಗಳನ್ನು ಪಾಸ್ ಮಾಡಿ ಮಾಡಿ ನನ್ನ ಕಣ್ಣಿಗೆ ಚೂಪೇ ಒಳ್ಳೆಯದು ಎನ್ನುವ ಚಾಳಿ ಹತ್ತಿತ್ತು. ಎಲ್‌ಇಡಿ ಒಂದು ಚೌಕದ ಚುಕ್ಕೆ, ಅದರ ಬಿಂಬ ಬಿದ್ದರೆ ಬೆಳಕಿನ ಚೌಕ. ತಂತಿಯ ಬಿಂಬ ಬಿದ್ದರೆ ತಂತಿಯೇ. ಅತ್ತೆಗೆ ಬೇಕಾದದ್ದು ಮಸುಕು. ಕೈ ಒರೆಸಿಕೊಂಡು ಬಂದು ಲೆನ್ಸನ್ನು ಬಲ್ಬಿನ ಹತ್ತಿರ ತಳ್ಳಿದೆ. ಸುರುಳಿ ಕರಗಿ, ಅಂಗೈ ಅಗಲದ ಒಂದೇ ಸಮನಾದ ಹಳದಿ ವೃತ್ತವಾಯಿತು. ಅತ್ತೆ ಸೂಜಿಗೆ ದಾರ ಪೋಣಿಸಿದರು.

ಬೆಳಕು ಮಾತ್ರ ಸಾಲದಾಯಿತು. ಚಿಕ್ಕಪೇಟೆ ಕಡೆ ಹೋಗುವವರಿಗೆ ಹೇಳಿ ಹೆಚ್ಚು ಶಕ್ತಿಯ ಹ್ಯಾಲೊಜೆನ್ ಟಾರ್ಚ್ ಬಲ್ಬು ತರಿಸಿದೆ. ಜೋಳದ ಕಾಳಿನಷ್ಟು ಗಾತ್ರ, ಆದರೆ ಅದರ ಉರಿ ಭಯಂಕರ. ಅದಕ್ಕೆ ಲೆನ್ಸನ್ನು ಅಂಟಿಸುವಷ್ಟು ಹತ್ತಿರ ಇಟ್ಟು, ಹೊತ್ತಿಸಿ, ಅಂಗಡಿಗೆ ಹಾಲು ತರಲು ಹೋದೆ. ಬರುವಷ್ಟರಲ್ಲಿ ಮನೆ ತುಂಬ ಆ ಸಿಹಿ ವಾಸನೆ. ಅಕ್ರಿಲಿಕ್ ಲೆನ್ಸು ಮುಖ ಸೊಟ್ಟ ಮಾಡಿಕೊಂಡು ಡಬ್ಬಿಯೊಳಗೆ ಇಳಿದಿತ್ತು. ಇವರು ಆಗಷ್ಟೇ ಕೆಲಸದಿಂದ ಬಂದು ಬಾಗಿಲಲ್ಲಿ ನಿಂತಿದ್ದರು. "ಮನೆ ಸುಟ್ಟು ಹಾಕ್ತೀರಾ ಅತ್ತೆ ಸೊಸೆ ಸೇರಿ? ನಾಳೆ ಬಿಸಾಕು ಅದನ್ನ" ಎಂದರು.

"ಬಿಸಾಕಲ್ಲ" ಎಂದೆ. ಹಿಂದಿನಿಂದ ಅತ್ತೆಯೂ "ಬಿಸಾಕಾಕಿಲ್ಲ" ಎಂದರು. ಮದುವೆಯಾದ ಮೇಲೆ ನಾವಿಬ್ಬರೂ ಒಂದೇ ಮಾತು ಒಟ್ಟಿಗೆ ಆಡಿದ್ದು ಅದೇ ಮೊದಲು.

ಮರುದಿನ ಸೊಟ್ಟ ಲೆನ್ಸನ್ನು ಮಾಲೀಕರ ಮೇಜಿನ ಮೇಲಿಟ್ಟೆ. ಅವರು ಒಳ್ಳೆಯ ಮನುಷ್ಯ, ಲೆನ್ಸಿನ ಮಾತು ತೆಗೆದರೆ ಊಟ ಮರೆಯುವವರು. ನಕ್ಕು ಮುಗಿಸಿದ ಮೇಲೆ ಹೇಳಿದರು. "ಭಾಗ್ಯಾ, ಎಲ್‌ಇಡಿ ಮುಂದಕ್ಕೆ ಮಾತ್ರ ಬೆಳಕು ಬಿಡುತ್ತೆ. ಬಲ್ಬು ಎಲ್ಲಾ ಕಡೆಗೂ ಬಿಡುತ್ತೆ. ನಿಮ್ಮ ಲೆನ್ಸಿಗೆ ಸಿಗೋದು ಮುಂದಿನ ಚೂರು, ಉಳಿದಿದ್ದೆಲ್ಲ ಡಬ್ಬಿಗೆ ವೇಸ್ಟು. ಹಳೇ ಸ್ಲೈಡ್ ಪ್ರೊಜೆಕ್ಟರ್‌ಗಳಲ್ಲಿ ಬಲ್ಬಿನ ಹಿಂದೆ ಗುಂಡಗಿನ ಕನ್ನಡಿ ಇಡ್ತಿದ್ರು. ಹಿಂದೆ ಹೋದ ಬೆಳಕು ವಾಪಸ್ ಬಂದು ತಂತಿ ಹತ್ರಾನೇ ಸೇರಿ ಮುಂದಕ್ಕೆ ಹೋಗೋದು. ಅದನ್ನ ಮಾಡಿ ನೋಡಿ. ಮತ್ತೆ ಪ್ಲಾಸ್ಟಿಕ್ ಬೇಡ, ಗಾಜಿಂದು ತಗೊಳ್ಳಿ." ಬಸವರಾಜನನ್ನು ಕರೆದು ಗಾಜಿನ ರಿಜೆಕ್ಟ್ ಕೊಡಲು ಹೇಳಿದರು. ಅವನು ಆರಿಸಿ ಕೊಟ್ಟದ್ದು ಪಾಲಿಷ್ ಪೂರ್ತಿಯಾಗದೆ ಚಪ್ಪಟೆ ಮುಖ ಬೂದುಬೂದಾಗಿ ಉಳಿದಿದ್ದ ಒಂದು ಲೆನ್ಸು. "ಇದರಾಗ ನಿಮ್ಮ ಹುಳ ಕಾಣಂಗಿಲ್ಲ ನೋಡ್ರಿ" ಎಂದ. ಅವನು ಹೇಳಿದ್ದು ನಿಜವಾಯಿತು.

ಗುಂಡಗಿನ ಕನ್ನಡಿ ಎಲ್ಲಿಂದ ತರಲಿ? ಅಡುಗೆಮನೆಯಲ್ಲಿ ಹೊಸ ಸ್ಟೀಲಿನ ಒಗ್ಗರಣೆ ಸೌಟು ಇತ್ತು, ಒಳಗೆ ಮುಖ ಕಾಣುವಷ್ಟು ಹೊಳಪು. ಅದರ ಹಿಡಿ ಮುರಿದು, ಬಟ್ಟಲನ್ನು ಡಬ್ಬಿಯೊಳಗೆ ಬಲ್ಬಿನ ಹಿಂದೆ ನಿಲ್ಲಿಸಿದೆ. ತಂತಿ ಸರಿಯಾಗಿ ಸೌಟಿನ ಬಾಯಿಯ ನಡುವಿಗೆ ಬರಬೇಕು. ಕೂದಲೆಳೆ ಆಚೆ ಈಚೆ ಆದರೂ ಬೆಳಕು ಎರಡು ತುಂಡಾಗುತ್ತಿತ್ತು. ಕಾವು ಹೋಗಲು ಮೊಳೆಯಿಂದ ಡಬ್ಬಿಯ ಮೇಲೆ ತೂತು ಹೊಡೆದೆ. ಕೊನೆಗೆ ಗೋಡೆಯ ಗೂಟಕ್ಕೆ ನೇತುಹಾಕಿ, ಟ್ಯೂಬು ಆರಿಸಿ, ಬ್ಯಾಟರಿ ಕೊಟ್ಟೆ. ಅತ್ತೆಯ ಮಡಿಲಿನಲ್ಲಿ ಒಂದು ತಟ್ಟೆಯಷ್ಟು ಬೆಳಕು ಬಿತ್ತು, ತುಂಬು ಹಳದಿ, ಎಲ್ಲೂ ಕಲೆಯಿಲ್ಲ. ಅವರ ಮುಖ ಪೂರ್ತಿ ಕತ್ತಲಲ್ಲಿತ್ತು. ಬಿಸ್ಕತ್ತಿನ ಡಬ್ಬಿಯನ್ನು ಆ ಬೆಳಕಿನಲ್ಲಿ ಸುರಿದುಕೊಂಡು ರೀಲುಗಳನ್ನು ಒಂದೊಂದಾಗಿ ಎತ್ತಿ ನೋಡತೊಡಗಿದರು. ಇಟ್ಟಿಗೆ ಕೆಂಪು, ಕುಂಕುಮ, ದಾಳಿಂಬೆ, ಮರೂನು, ಕಾಫಿ. ಒಂದೊಂದಕ್ಕೂ ಹೆಸರು ಹೇಳಿಕೊಂಡರು. ಅಳು ಬಂದದ್ದನ್ನು ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

"ಸೌಟು ಆಳು ಮಾಡ್ದೆ. ಇನ್ ಒಗ್ಗರಣೆ ಯಾತ್ರಲ್ಲಿ ಆಕ್ತೀಯ?" ಎಂದರು ಅತ್ತೆ ಸ್ವಲ್ಪ ಹೊತ್ತಾದ ಮೇಲೆ.

ನೀಲಿಯ ವಿಷಯ ಗೊತ್ತಾದದ್ದೂ ಆ ದಿನವೇ. ಕಡು ನೀಲಿಯ ರೀಲು, ಕಪ್ಪಿನ ರೀಲು, ಎರಡೂ ಆ ಬೆಳಕಿನಲ್ಲಿ ಒಂದೇ. ತಂತಿ ಬಲ್ಬಿನಲ್ಲಿ ಕೆಂಪು ಧಾರಾಳ, ನೀಲಿಗೆ ಬಡತನ. ನನಗೆ ನಿರಾಸೆಯಾಯಿತು. ಅತ್ತೆಗೆ ಆಗಲಿಲ್ಲ. "ಆಗಲಿ, ನೀಲಿ ಬಂದ್ರೆ ಬಿಸಿಲು ಕಾಯಾಣ. ಮನುಸರಲ್ಲೇ ಎಲ್ಲ ಬಲ್ಲೋರು ಇಲ್ಲ, ಇನ್ ಡಬ್ಬಿ ಏನು ಮಾಡಾತು" ಎಂದು ಆ ಎರಡು ರೀಲುಗಳನ್ನು ಬೇರೆ ಕವರಿಗೆ ಹಾಕಿದರು.

ಶ್ರಾವಣ ಹುಟ್ಟಿತು. ವರಮಹಾಲಕ್ಷ್ಮಿ ಹತ್ತಿರ ಬಂದು ಶೈಲಾ ಅವರ ಅಂಗಡಿಯಲ್ಲಿ ಸೀರೆಗಳ ರಾಶಿ. ನಾನು ಡ್ಯೂಟಿ ಮುಗಿಸಿ ನೇರ ಅಲ್ಲಿಗೆ ಹೋದೆ. "ಒಂದು ಸೀರೆ ಕೊಡಿ ಮೇಡಂ. ಕೆಂಪಿನದೇ ಕೊಡಿ" ಎಂದೆ.

"ಭಾಗ್ಯಾ, ಅಜ್ಜಿ ಮೇಲೆ ನಂಗೇನು ದ್ವೇಷನಾ? ಹಬ್ಬದ ಸೀರೆ ಕೆಟ್ರೆ ಜನ ನನ್ನ ಬಿಡ್ತಾರಾ?"

"ಕೆಟ್ರೆ ನಾನೇ ಬಂದು ನಿಮ್ಮ ಗಿರಾಕಿ ಎದುರು ನಿಲ್ತೀನಿ. ಅವರೇನು ಬೈತಾರೋ ನನಗೇ ಬೈಲಿ."

ಒಂದು ಕೊಟ್ಟರು. ಅತ್ತೆ ಕಟ್ಟಿದ್ದನ್ನು ಅಂಗಡಿಯ ಹೊರಗೆ ಹಗಲಿಗೆ ಹಿಡಿದು ನೋಡಿ, ಇನ್ನೊಂದು ಕೊಟ್ಟರು. ಆಮೇಲೆ ಕೈಚೀಲದಲ್ಲೇ ಬರತೊಡಗಿದವು. ಅಷ್ಟಾದರೂ ಇವರು ತಮ್ಮ ಮಾತು ಬಿಡಲಿಲ್ಲ. ಅಕ್ಕನಿಗೆ ಮಾತು ಕೊಟ್ಟಾಗಿದೆ, ಹಬ್ಬದ ಹಿಂದಿನ ದಿನ ಬೆಳಗ್ಗೆ ಹೊರಡಬೇಕು ಎಂದರು. "ನಾಲ್ಕು ಸೀರೆ ಸರಿ ಹೋಯ್ತು ಅಂತ ಐದನೇದು ಹೋಗುತ್ತಾ? ಇನ್ನೊಂದ್ಸಲ ಅಮ್ಮಂಗೆ ಅವಮಾನ ಆಗೋದು ನಂಗೆ ನೋಡೋಕಾಗಲ್ಲ ಕಣೇ." ಅದರಲ್ಲಿ ಪ್ರೀತಿಯೂ ಇತ್ತು, ಇಲ್ಲ ಎನ್ನುವುದಿಲ್ಲ. ಅಂಥ ಪ್ರೀತಿಯನ್ನು ಎದುರಿಸುವುದು ಇನ್ನೂ ಕಷ್ಟ. ಅತ್ತೆಯ ಬಟ್ಟೆ ಬ್ಯಾಗಿಗೆ ಹೋಯಿತು.

ಹೊರಡುವ ಹಿಂದಿನ ಸಂಜೆ ಶೈಲಾ ಓಡುತ್ತಾ ಬಂದರು. ಹಿಂದಿನ ದಿನ ಅವರು ಕಳಿಸಿದ್ದ ಕಡು ನೀಲಿ ಒಡಲಿನ, ಮರೂನ್ ಅಂಚಿನ ಸೀರೆಯ ಗಿರಾಕಿ ಫೋನ್ ಮೇಲೆ ಫೋನ್ ಮಾಡುತ್ತಿದ್ದರಂತೆ. ಮಧ್ಯಾಹ್ನ ಮಳೆ ಬಿಟ್ಟಿದ್ದಾಗ ಬಾಗಿಲ ಬೆಳಕಿನಲ್ಲಿ ಅತ್ತೆ ಅದನ್ನು ಅರ್ಧ ಕಟ್ಟಿದ್ದರು. ಮೋಡ ಕವಿದ ಕೂಡಲೇ ದಾರ ಪೋಣಿಸಿದ್ದ ಸೂಜಿಯನ್ನು ಸೆರಗಿಗೆ ಚುಚ್ಚಿ ಎತ್ತಿಟ್ಟಿದ್ದರು. ಶೈಲಾ ಬಂದಾಗ ಡಬ್ಬಿಯ ಬೆಳಕಿನಲ್ಲಿ ಇನ್ನೊಂದು ಸೀರೆ ನಡೆದಿತ್ತು. ಇವರೂ ಮನೆಯಲ್ಲಿದ್ದರು.

"ಅಜ್ಜಿ, ಅದನ್ನ ಈಗಲೇ ಮುಗಿಸ್ಕೊಡಿ. ನಾಳೆ ಮಧ್ಯಾಹ್ನ ಅವರು ಊರಿಗೆ ಹೊರಡ್ತಾರಂತೆ."

"ಈಗ ಆಗಾಕಿಲ್ಲ ಶೈಲಮ್ಮ. ಅದು ನೀಲಿ."

"ನೀಲಿ ಆದ್ರೇನು?"

"ಈ ಬೆಳಕಲ್ಲಿ ನೀಲಿ ಯಾವುದು ಕರಿ ಯಾವುದು ತಿಳಿಯಾಕಿಲ್ಲ."

ಇಷ್ಟು ದಿನ ಕಾಪಾಡಿಕೊಂಡು ಬಂದ ಗುಟ್ಟನ್ನು ಅತ್ತೆ ತಾವೇ ಬಾಯಿಬಿಟ್ಟು ಹೇಳಿಬಿಟ್ಟರಲ್ಲ ಎಂದುಕೊಂಡೆ. ಶೈಲಾ ಇವರ ಮುಖ ನೋಡಿದರು. "ನೋಡಿ ಮಂಜಣ್ಣ, ನಾನು ಹೇಳ್ಲಿಲ್ವಾ? ಕಣ್ಣು ಕಾಣಲ್ಲ ಅಂತ ಅವರೇ ಹೇಳ್ತಿದಾರೆ" ಎಂದರು.

ಅತ್ತೆ ಬೇರೆ ಕವರಿನಿಂದ ಎರಡು ರೀಲು ತೆಗೆದು ಬೆಳಕಿನಲ್ಲಿಟ್ಟರು. "ಯಾವುದು ನೀಲಿ, ಏಳು ತಾಯಿ."

ಶೈಲಾ ಬಗ್ಗಿದರು. ಎತ್ತಿದರು, ಇಟ್ಟರು. "ಎರಡೂ ಕಪ್ಪೇ ಅಲ್ವಾ?"

"ನಿಂಗೂ ಕಾಣಾಕಿಲ್ಲ. ನಿಂಗೆಷ್ಟು ವಯಸ್ಸು?"

ಶೈಲಾ ಟ್ಯೂಬಿನ ಕಡೆ ಕೈ ತೋರಿಸಿದರು. "ಟ್ಯೂಬ್ ಹಾಕ್ಕೊಂಡು ಕಟ್ಟಿ" ಎಂದರು.

"ಟ್ಯೂಬಲ್ಲಿ ನೀಲಿ ಬತ್ತದೆ, ಅಂಚಿನ ಮರೂನು ಓಯ್ತದೆ. ಒಂದ್ಸಲ ಓಗಿದ್ದು ಸಾಕು. ಬೆಳಕಾಗ್ಲಿ, ಮಾಳಿಗೆ ಮೇಲೆ ಕೂತು ಕಟ್ಕೊಡ್ತೀನಿ."

"ಮಳೆ ಬಂದ್ರೆ?"

"ಛತ್ರಿ ಐತೆ."

"ಬೇಡ ಬಿಡಿ, ಹಾಗೇ ಕೊಡಿ. ಬೇರೆಯವರ ಹತ್ರ ಮುಗಿಸ್ತೀನಿ" ಎಂದು ಶೈಲಾ ಕೈ ಚಾಚಿದರು. ಕೊಟ್ಟುಬಿಡಮ್ಮ ಎನ್ನುವ ಹಾಗೆ ಇವರೂ ಎದ್ದು ನಿಂತರು. ಆ ಸೀರೆ ಹಾಗೆ ಹೋಗಿದ್ದರೆ ಅದರ ಹಿಂದೆಯೇ ಅತ್ತೆಯ ಬ್ಯಾಗೂ ಹೋಗುತ್ತಿತ್ತು, ಅದು ಮನೆಯ ಮೂವರಿಗೂ ಗೊತ್ತಿತ್ತು.

ಅತ್ತೆ ಸೀರೆಯನ್ನು ಮಡಿಲಿಗೆ ಎಳೆದುಕೊಂಡರು. "ದೇವರ ಮುಂದೆ ದೀಪ ಹಚ್ಚಾಯ್ತು. ಸೀರೇಲಿ ಸೂಜಿ ಐತೆ. ದೀಪ ಹಚ್ಚಿದ್ ಮೇಲೆ ಮನೆಯಿಂದ ಸೂಜಿ ಈಚೆ ಕೊಡ್ತಾರಾ? ಅದೂ ನಾಡಿದ್ದು ಲಕ್ಷ್ಮಿ ಕೂರ್ಸೋಳು ನೀನು. ನಾನಂತೂ ಕೊಡಾಕಿಲ್ಲ."

"ಸೂಜಿ ಕಿತ್ತು ಕೊಡಿ."

"ಅರ್ಧ ಕಟ್ಟಿರೋ ಹಬ್ಬದ ಸೀರೆಯಿಂದ ಎಳೆ ಕೀಳ್ಲಾ? ಕೀಳು ಅಂತ ನೀನೇ ಬಾಯ್ತುಂಬ ಏಳು, ಕೀಳ್ತೀನಿ."

ಶೈಲಾ ದೇವರ ಮುಂದಿನ ದೀಪ ನೋಡಿದರು, ಸೂಜಿ ನೋಡಿದರು. ಅಂಗಡಿಯಲ್ಲಿ ಸಂಜೆ ಆರರ ಮೇಲೆ ಯಾರಿಗೂ ಸೂಜಿ ಕೊಡದ ಹೆಂಗಸು ಅವರು, ಹಬ್ಬದ ಸೀರೆಯ ಎಳೆ ಕೀಳು ಎನ್ನುವ ಅಪಶಕುನದ ಮಾತು ಅವರ ಬಾಯಿಂದ ಬರುವ ಹಾಗಿರಲಿಲ್ಲ. "ಬೆಳಗ್ಗೆ ಬರ್ತೀನಿ" ಎಂದು ಚಪ್ಪಲಿ ಹಾಕಿಕೊಂಡರು.

ಬೆಳಗ್ಗೆ ಮೋಡವಿತ್ತು, ಮಳೆ ಇರಲಿಲ್ಲ. ಓನರ್ ಮನೆಯ ಮಾಳಿಗೆಯ ಮೇಲೆ, ನೀರಿನ ಟ್ಯಾಂಕಿನ ಪಕ್ಕ ಚಾಪೆ ಹಾಸಿ ಅತ್ತೆ ಕೂತರು. ನಾನು ಅರ್ಧ ದಿನ ರಜೆ ಹಾಕಿ ಛತ್ರಿ ಹಿಡಿದು ನಿಂತೆ. ಹಗಲಿನಲ್ಲಿ ನೀಲಿ ನೀಲಿಯಾಗಿತ್ತು, ಮರೂನು ಮರೂನಾಗಿತ್ತು. ಶೈಲಾ ಬಂದವರು ಟ್ಯಾಂಕಿಗೆ ಒರಗಿ ನಿಂತು ಕಟ್ಟಿ ಮುಗಿದ ಕುಚ್ಚುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. ತಾವು ತಂದಿದ್ದ ಇನ್ನೊಂದು ಕೈಚೀಲವನ್ನು ಚಾಪೆಯ ಮೇಲಿಟ್ಟರು. ಹಬ್ಬದ ದಿನ ಬೆಳಗ್ಗೆ ಕೊಡಬೇಕಾದ ಸೀರೆಗಳು ಎಂದರು.

ಅಷ್ಟರಲ್ಲಿ ಇವರು ಮೆಟ್ಟಿಲು ಹತ್ತಿ ಬಂದರು, ಕೈಯಲ್ಲಿ ಅತ್ತೆಯ ಬ್ಯಾಗು. "ಅಮ್ಮ, ಬಸ್ಸಿಗೆ ಹೊತ್ತಾಯ್ತು. ಅಕ್ಕ ಕಾಯ್ತಾ ಇರ್ತಾಳೆ" ಎಂದರು.

ಅತ್ತೆ ತಲೆ ಎತ್ತಲಿಲ್ಲ. ಕೊನೆಯ ಗಂಟು ಬಿಗಿಯುತ್ತಿದ್ದರು.

"ಬ್ಯಾಗು ಕೆಳಗಿಡು ಮಂಜ. ಗಾಳಿ ಬತ್ತೈತೆ, ಸೆರಗು ಆರ್ತದೆ. ಆ ತುದಿ ಇಡ್ಕೋ. ಒಂದು ಕೈಲಲ್ಲ, ಎರಡೂ ಕೈಲಿ. ರೇಸ್ಮೆ ಅದು."

ಇವರು ನನ್ನ ಮುಖ ನೋಡಿದರು. ನಾನು ಛತ್ರಿ ಹಿಡಿದಿದ್ದೆ, ನನ್ನ ಕೈ ಖಾಲಿ ಇರಲಿಲ್ಲ. ಇವರು ಬ್ಯಾಗು ಕೆಳಗಿಟ್ಟು, ಬಗ್ಗಿ, ಸೆರಗಿನ ತುದಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. ಜೇಬಿನಲ್ಲಿ ಫೋನು ಹೊಡೆದುಕೊಳ್ಳತೊಡಗಿತು, ಅತ್ತಿಬೆಲೆಯದೇ ಇರಬೇಕು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಇವರು ಸೀರೆ ಬಿಡಲಿಲ್ಲ.